ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇರಿಸಿಕೊಳ್ಳುವ ಮನೆಯೊಂದು ಕಾಸರಗೋಡಿಗೆ ಬೇಕು

ಮಾನ್ಯ ಸಂಪಾದಕರೇ,

ಮಗುವನ್ನು ಬಿಟ್ಟುಹೋಗಲು ಕೇರಳದಲ್ಲಿ ತೊಟ್ಟಿಲುಂಟು. ರಾಜ್ಯ ಶಿಶುಕ್ಷೇಮ ಸಮಿತಿಯವರು 2002ರ ನವೆಂಬರ್ 14ರಂದು ತಿರುವನಂತಪುರದಲ್ಲಿ ‘ಅಮ್ಮತೊಟ್ಟಿಲು’ ಆರಂಭಿಸಿದ ಮೇಲೆ ಎಷ್ಟೋ ಕೂಸುಗಳ ಜೀವ ಉಳಿದಿದೆ. ಅದನ್ನು ಆಡಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಮಗುವನ್ನು ಬಿಡಲು ಮನಸ್ಸಿಲ್ಲದ, ಸದ್ಯಕ್ಕೆ ಸಾಕಲು ಕೈಲಾಗದ ತಾಯಿಯೊಬ್ಬಳು ಕೂಸಿನ ಪಕ್ಕದಲ್ಲೇ ಮಲಗಿ ಕೆಲವು ವಾರ ಸುಧಾರಿಸಿಕೊಳ್ಳಲು, ಅವಳಿಂದ ಆಗುವುದೆಷ್ಟು ಆಗದ್ದೆಷ್ಟು ಎಂದು ತಿಳಿದವರು ಜೊತೆಗಿದ್ದು ನೋಡಲು, ನಮ್ಮ ಜಿಲ್ಲೆಯಲ್ಲಿ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಒಂದೇ ಒಂದು ಕೋಣೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿಡಲು ತೊಟ್ಟಿಲು, ಇಟ್ಟುಕೊಳ್ಳಲು ಮಂಚವಿಲ್ಲ.

ನಾನು ಎಣ್ಮಕಜೆ ಪಂಚಾಯತಿನಲ್ಲಿ ಅಂಗನವಾಡಿ ಟೀಚರ್ ಆಗಿದ್ದು ನಿವೃತ್ತಳಾದವಳು. ಮಕ್ಕಳ ತೂಕ ನೋಡುವುದು, ಗರ್ಭಿಣಿಯರ ಹೆಸರು ಬರೆದುಕೊಳ್ಳುವುದು, ಕೂಸುಗಳ ಪೌಷ್ಟಿಕ ಆಹಾರವಾದ ಅಮೃತಂ ಪುಡಿಯ ಪ್ಯಾಕೆಟ್ ಹಂಚುವುದು ನಮ್ಮ ಕೆಲಸ. ಗುಡ್ಡ ಹತ್ತಿ ಇಳಿದು ಮನೆಮನೆ ತಿರುಗುವವರಿಗೆ ಯಾವ ಮನೆಯಲ್ಲಿ ಒಲೆ ಉರಿದಿದೆ, ಯಾವ ಮನೆಯಲ್ಲಿ ಗಂಡ ಕುಡಿದು ಬಂದು ಪಾತ್ರೆ ಎಸೆಯುತ್ತಾನೆ, ಯಾವ ಬಾಣಂತಿ ನಾಲ್ಕು ದಿನದಿಂದ ತಲೆ ಬಾಚಿಲ್ಲ ಎಂಬುದೆಲ್ಲ ರಿಜಿಸ್ಟರಿನಲ್ಲಿ ಇಲ್ಲದಿದ್ದರೂ ತಲೆಯಲ್ಲಿರುತ್ತದೆ. ಇಂಥ ತಾಯಿಯ ಕೈಯಲ್ಲಿ ಮಗು ಕ್ಷೇಮವೇ ಎಂಬ ಸಂಶಯ ಬಂದಾಗ ನಮ್ಮಲ್ಲಿ ಇರುವುದು ಎರಡೇ ದಾರಿ. ಕಂಡೂ ಕಾಣದಂತೆ ಇದ್ದುಬಿಡುವುದು ಒಂದು. ಮಗುವನ್ನು ಎತ್ತಿಕೊಂಡು ಹೋಗಿ ದೂರದ ಸಂಸ್ಥೆಗೆ ಸೇರಿಸುವುದು ಇನ್ನೊಂದು. ಎರಡರಲ್ಲಿ ಯಾವುದನ್ನು ಆರಿಸಿದರೂ ಆಮೇಲೆ ನಿದ್ರೆ ಬರುವುದಿಲ್ಲ.

ನಡುವಿನ ದಾರಿಯೊಂದು ನಮ್ಮಲ್ಲಿಯೇ ಇತ್ತು. ಹೆರಿಗೆಗೆ ಮಗಳು ತವರಿಗೆ ಬರುತ್ತಿದ್ದಳು. ನಲ್ವತ್ತು ದಿನ ಬಾಣಂತಿ ಕೋಣೆ, ಹಂಡೆಯಲ್ಲಿ ಕಾದ ನೀರು, ಒಲೆಗೆ ಅಡಿಕೆ ಸಿಪ್ಪೆ, ಬಾಣಂತಿ ಮದ್ದಿನ ಕಹಿ, ಮೆಣಸಿನ ಸಾರು. ಮಗುವನ್ನು ಮೀಯಿಸಲು ಅನುಭವದ ಹೆಂಗಸೊಬ್ಬಳು ಬರುತ್ತಿದ್ದಳು. ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕೂಸನ್ನು ಆ ಕಾಲುಗಳ ಮೇಲೆ ಉದ್ದಕ್ಕೆ ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ, ನೀರನ್ನು ಮೊದಲು ತನ್ನ ಕೈಯ ಮೇಲೆ ಹೊಯ್ದು ನೋಡಿ, ಆಮೇಲೆ ಮಗುವಿನ ಬೆನ್ನಿಗೆ. ಮೊದಲ ವಾರ ಅವಳೇ ಮೀಯಿಸುವಳು, ಬಾಣಂತಿ ನೋಡುವಳು. ಮೂರನೆಯ ವಾರದ ಹೊತ್ತಿಗೆ ಬಾಣಂತಿ ಮೀಯಿಸುವಳು, ಇವಳು ಬಾಗಿಲ ಹತ್ತಿರ ಕುಳಿತು ಎಲೆಯಡಿಕೆ ಜಗಿಯುತ್ತಾ ನೋಡುವಳು. ಅದನ್ನು ಯಾರೂ ಪರೀಕ್ಷೆ ಎನ್ನಲಿಲ್ಲ. ಆದರೆ ಹುಡುಗಿಗೆ ಕೈ ಕುದುರಿದೆಯೋ ಇಲ್ಲವೋ, ಮುಖದಲ್ಲಿ ಕಳೆ ಇದೆಯೋ ಇಲ್ಲವೋ, ರಾತ್ರಿ ಮಗು ಅತ್ತರೆ ಏಳುತ್ತಾಳೋ ಇಲ್ಲವೋ, ಎಲ್ಲವೂ ಮನೆಯ ಹೆಂಗಸರ ಲೆಕ್ಕದಲ್ಲಿ ಬರುತ್ತಿತ್ತು. ಕೈ ಕುದುರದಿದ್ದರೆ ನಲ್ವತ್ತು ದಿನ ತೊಂಬತ್ತಾಗುತ್ತಿತ್ತು.

ಈ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಬಾಣಂತಿಗೆ ನೀರು ಕುಡಿಯಲು ಕೊಡದೆ ಒಣಗಿಸಿದ ಮನೆಗಳನ್ನೂ ಕಂಡಿದ್ದೇನೆ. ತವರು ಇದ್ದವರಿಗೆ ಮಾತ್ರ ಅದು ಇತ್ತು ಎಂಬುದೂ ನಿಜ. ಈಗಂತೂ ತಾಯಿಯನ್ನು ಕಳೆದುಕೊಂಡವರು, ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾದವರು, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವವರು ಎಷ್ಟು ಮಂದಿ! ಅವರ ಪಾಲಿಗೆ ತವರುಮನೆಯ ಜಾಗದಲ್ಲಿ ಏನಿದೆ? ಆಶಾ ಕಾರ್ಯಕರ್ತೆಯ ಹತ್ತು ನಿಮಿಷ.

ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಹೇಳುತ್ತೇನೆ. ಗುರುತು ಸಿಗಬಾರದೆಂದು ಊರನ್ನೂ ಕಚೇರಿಯನ್ನೂ ಹೇಳುವುದಿಲ್ಲ. ಇಪ್ಪತ್ತು ದಾಟಿದ ಹುಡುಗಿ, ಮೊದಲ ಹೆರಿಗೆ. ಮನೆಮಾತು ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ತಾಯಿ ಇಲ್ಲ. ಗಂಡ ಅಡಿಕೆ ಮರ ಹತ್ತುವವನು, ಒಳ್ಳೆಯವನೇ. ಹೆರಿಗೆಯಾಗಿ ಹತ್ತು ದಿನ ಕಳೆಯುವುದರೊಳಗೆ ಹುಡುಗಿಗೆ ನಿದ್ರೆ ಹೋಯಿತು. ಗೋಡೆಯ ಹತ್ತಿರ ಮಾತನಾಡತೊಡಗಿದಳು. ಮಗು ತನ್ನದಲ್ಲ, ಆಸ್ಪತ್ರೆಯಲ್ಲಿ ಬದಲಾಗಿದೆ ಎಂದಳು. ಮನೆಯವರು ಮೊದಲು ಹೋದದ್ದು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಲು. ಉಪದ್ರ ಉಂಟು, ಪರಿಹಾರ ಮಾಡಬೇಕು ಎಂದಾಯಿತು. ಅಷ್ಟರಲ್ಲಿ ಒಂದು ವಾರ ಹಾಳು. ಇದು ಹೆರಿಗೆಯ ನಂತರ ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಮಾನಸಿಕ ಕಾಯಿಲೆ. ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ, ತಡಮಾಡದೆ ಚಿಕಿತ್ಸೆ ಕೊಟ್ಟರೆ ಬಹುಪಾಲು ಮಂದಿ ಗುಣವಾಗುತ್ತಾರೆ. ಇವಳೂ ಗುಣವಾದಳು.

ಆದರೆ ಅಷ್ಟರಲ್ಲಿ ತಾಯಿಯನ್ನು ಒಂದು ಆಸ್ಪತ್ರೆಗೆ, ಮಗುವನ್ನು ಇನ್ನೊಂದು ಜಿಲ್ಲೆಯ ಸಂಸ್ಥೆಗೆ ಕಳುಹಿಸಿ ಆಗಿತ್ತು. ಎದೆಹಾಲು ಬತ್ತಿತು. ಹುಡುಗಿ ಮದ್ದು ಹಿಡಿದುಕೊಂಡು ಮನೆಗೆ ಬಂದಳು. ಇನ್ನು ಮಗು ಸಿಗಬೇಕಾದರೆ ಇವಳಿಗೆ ಸಾಕುವ ಶಕ್ತಿ ಇದೆ ಎಂದು ವರದಿ ಆಗಬೇಕು. ವರದಿ ಬರೆಯುವವರು ಒಂದು ಮಧ್ಯಾಹ್ನ ಬಂದರು. ನಾನು ಅಂಗಳದಲ್ಲಿಯೇ ಇದ್ದೆ. ಕುರ್ಚಿ ಹಾಕಿದರು, ಬೊಂಡ (ಎಳನೀರು) ಕೆತ್ತಿ ಕೊಟ್ಟರು. ಪ್ರಶ್ನೆಗಳೆಲ್ಲ ಮಲಯಾಳದಲ್ಲಿ. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಉತ್ತರ ಕೊಡುತ್ತಿದ್ದುದು ಅತ್ತೆ. ನಡುವೆ ಒಮ್ಮೆ ಹುಡುಗಿ ನನ್ನ ಕಡೆ ನೋಡಿ, “ಮಗುವನ್ನು ಯಾವಾಗ ತರುತ್ತಾರಂತೆ ಟೀಚರ್?” ಎಂದು ತುಳುವಿನಲ್ಲಿ ಕೇಳಿದಳು. ಅದು ಕಾಗದದಲ್ಲಿ ಬರಲಿಲ್ಲ. ಕಾಗದದಲ್ಲಿ ಬಂದದ್ದು, ತಾಯಿ ಮೌನವಾಗಿದ್ದಾಳೆ, ಮಗುವಿನ ವಿಷಯದಲ್ಲಿ ಆಸಕ್ತಿ ತೋರಿಸುವುದಿಲ್ಲ ಎಂದು. ಮಗುವೇ ಇಲ್ಲದ ಮನೆಯಲ್ಲಿ ತಾಯಿಯ ಆಸಕ್ತಿಯನ್ನು ಹೇಗೆ ಅಳೆದರೋ!

ಬಂದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರ ಮೇಲೆ ಇನ್ನೆಷ್ಟು ಕಡತಗಳ ಭಾರವಿತ್ತೋ. ಬಾಲನ್ಯಾಯ ಕಾನೂನಿನ ಪ್ರಕಾರ ಸಾಮಾಜಿಕ ತನಿಖಾ ವರದಿಗೆ ಕೊಡುವ ಅವಧಿ 15 ದಿನ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು. ಆದರೆ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಕೂಸು ಬೆಳೆಯದೆ ನಿಂತಿರುತ್ತದೆಯೇ? ಕೊನೆಗೆ ಮಗು ಮನೆಗೆ ಬಂದಾಗ ತನ್ನ ಕಾಲಿನಲ್ಲಿ ನಡೆಯುತ್ತಿತ್ತು. ತಾಯಿಯನ್ನು ಕಂಡು, ಬೇರೆಯವರನ್ನು ಕಂಡರೆ ಅಳುವಂತೆಯೇ ಅತ್ತಿತು. ತಾಯಿ ಕರೆದದ್ದು ಅದಕ್ಕೆ ತಿಳಿಯಲಿಲ್ಲ. ಅದಕ್ಕೆ ಗೊತ್ತಿದ್ದ ನಾಲ್ಕು ಮಾತೂ ಮಲಯಾಳದವು. ಮತ್ತೆ ಅವರಿಬ್ಬರೂ ಹೊಂದಿಕೊಳ್ಳಲು ಪಟ್ಟ ಪಾಡನ್ನು ಯಾವ ವರದಿಯೂ ಬರೆದುಕೊಳ್ಳಲಿಲ್ಲ.

ಇದಕ್ಕೆ ಬೇರೆ ಕಡೆ ಏನು ಮಾಡುತ್ತಾರೆ ಎಂದು ನನಗೆ ತಿಳಿದದ್ದು ತಂಗಿಯ ಮಗಳಿಂದ. ಅವಳು ಇಂಗ್ಲೆಂಡಿನಲ್ಲಿ ಇಂಥದ್ದೇ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ತಂದೆ ತಾಯಿ ಮಗುವನ್ನು ಸರಿಯಾಗಿ ನೋಡಿಕೊಳ್ಳಬಲ್ಲರೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಬಂದಾಗ, ಕೆಲವು ಸಂದರ್ಭಗಳಲ್ಲಿ ಇಡೀ ಕುಟುಂಬವನ್ನು ಒಂದು ವಸತಿ ಕೇಂದ್ರದಲ್ಲಿ ಇರಿಸುತ್ತಾರೆ. ಸಾಮಾನ್ಯವಾಗಿ 12 ವಾರ. ಅವರಿಗೆ ಅವರದೇ ಕೋಣೆ, ಅಡುಗೆ ಅವರೇ ಮಾಡಿಕೊಳ್ಳಬೇಕು. ಬಾಟಲಿ ಕುದಿಸಿ ತೊಳೆದರೇ, ಸ್ನಾನದ ನೀರಿನ ಬಿಸಿ ನೋಡಿದರೇ, ಮಗು ಅತ್ತದ್ದು ಹಸಿವಿಗೋ ನಿದ್ರೆಗೋ ಎಂದು ಗುರುತಿಸಿದರೇ, ರಾತ್ರಿ ಎದ್ದವರು ಯಾರು, ಎಲ್ಲವನ್ನೂ ಸಿಬ್ಬಂದಿ ದಿನವೂ ಬರೆದಿಡುತ್ತಾರೆ. ಗೊತ್ತಿಲ್ಲದ್ದನ್ನು ತೋರಿಸಿಕೊಡುತ್ತಾರೆ, ಮರುದಿನ ಅದನ್ನು ಮಾಡಿದರೋ ಎಂದು ಮತ್ತೆ ನೋಡುತ್ತಾರೆ. ಇಂಥ ಕೇಂದ್ರಗಳಿಗೆ 2002ರ ನಿಯಮಾವಳಿ ಉಂಟು, ಆಫ್‌ಸ್ಟೆಡ್ ಎಂಬ ಸರಕಾರಿ ಸಂಸ್ಥೆ ಬಂದು ತಪಾಸಣೆ ಮಾಡುತ್ತದೆ. ಮಗುವಿನ ವಿಷಯ ಎಳೆದಾಡುತ್ತಾ ಹೋಗಬಾರದೆಂದು ಪ್ರಕರಣವನ್ನು 26 ವಾರಗಳಲ್ಲಿ ಮುಗಿಸಬೇಕು ಎಂದು 2014ರ ಕಾನೂನು ಹೇಳುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ಅದನ್ನು ಹಾಗೆಯೇ ಎತ್ತಿ ತಂದು ಇಲ್ಲಿ ಇಟ್ಟರೆ ನಾನೇ ಮೊದಲು ವಿರೋಧಿಸುತ್ತೇನೆ. “ಕ್ಯಾಮರಾ ಇರುವ ಕೋಣೆಯಲ್ಲಿ ಮಗುವನ್ನು ಮುದ್ದು ಮಾಡಲಿಕ್ಕೂ ಹೆದರುತ್ತಾರೆ ದೊಡ್ಡಮ್ಮ, ಹೆಚ್ಚು ಮುದ್ದು ಮಾಡಿದರೆ ನಾಟಕ ಎಂದು ಬರೆದಾರೋ ಎಂದು” ಎಂದು ಅವಳೇ ಹೇಳಿದ್ದಾಳೆ. ಇನ್ನೊಂದು ಮಾತೂ ಅವಳಿಂದ ತಿಳಿಯಿತು. 2005ರಲ್ಲಿ ಅಲ್ಲಿನ ಆಗಿನ ಅತ್ಯುನ್ನತ ನ್ಯಾಯಪೀಠ ಹೌಸ್ ಆಫ್ ಲಾರ್ಡ್ಸ್ ಒಂದು ತೀರ್ಪು ಕೊಟ್ಟು, ಮಗುವಿನ ಸಲುವಾಗಿ ಪರೀಕ್ಷೆ ನಡೆಸಲು ನ್ಯಾಯಾಲಯ ಆದೇಶಿಸಬಹುದು, ತಾಯಿಯ ದೀರ್ಘ ಚಿಕಿತ್ಸೆಯನ್ನು ಆ ಹೆಸರಿನಲ್ಲಿ ಆದೇಶಿಸುವಂತಿಲ್ಲ ಎಂದಿತಂತೆ. ಅವರ ಕಾನೂನಿಗೆ ಅದು ಸರಿ ಇರಬಹುದು. ಆದರೆ ಪರೀಕ್ಷೆ ಬೇರೆ, ಆಸರೆ ಬೇರೆ ಎಂದು ನಾವು ಗೆರೆ ಎಳೆಯಬಾರದು. ಮೀಯಿಸಲು ಬರುತ್ತಿದ್ದ ಹೆಂಗಸು ಬಾಣಂತಿಗೆ ಅಂಕ ಕೊಟ್ಟು ಎದ್ದುಹೋದವಳಲ್ಲ. ಕೈ ಕುದುರುವ ತನಕ ಇದ್ದವಳು.

ನಮ್ಮ ದೇಶದಲ್ಲಿ ಇದು ಇಲ್ಲವೇ ಇಲ್ಲ ಎಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ–ಮಗು ಘಟಕ ನಡೆಯುತ್ತಿದೆ. ಐದು ಹಾಸಿಗೆಗಳೊಂದಿಗೆ ಶುರುವಾದದ್ದು. ಕಾಯಿಲೆಯಾದ ತಾಯಿ, ಅವಳ ಕೂಸು, ಮನೆಯ ಹೆಂಗಸೊಬ್ಬಳು, ಮೂವರೂ ಒಟ್ಟಿಗಿರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 21ನೇ ಕಲಮನ್ನು ಯಾರಾದರೂ ಓದಿ ನೋಡಲಿ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು ಅಲ್ಲಿದೆ. ಮಗುವಿಗೆ ಅಪಾಯವಿದೆ ಎಂದು ವೈದ್ಯರಿಗೆ ಕಂಡು ಬೇರ್ಪಡಿಸಿದರೂ ಪ್ರತಿ 15 ದಿನಕ್ಕೊಮ್ಮೆ ಅದನ್ನು ಮರುಪರಿಶೀಲಿಸಬೇಕು. 30 ದಿನ ಮೀರಿದರೆ ಮೇಲಿನ ಪ್ರಾಧಿಕಾರದ ಒಪ್ಪಿಗೆ ಬೇಕು. ಕಾನೂನು ಬರೆದವರು ಚೆನ್ನಾಗಿಯೇ ಬರೆದಿದ್ದಾರೆ. ಒಟ್ಟಿಗೆ ಇರಿಸಲು ಜಾಗವಿಲ್ಲದ ಕಡೆ ಆ ಕಲಮಿಗೆ ಏನು ಬೆಲೆ?

ಕೇರಳದ ಸರಕಾರಿ ಮಾನಸಿಕ ಆರೋಗ್ಯ ಕೇಂದ್ರಗಳು ಮೂರು: ತಿರುವನಂತಪುರ, ತೃಶ್ಶೂರು, ಕಲ್ಲಿಕೋಟೆಯ ಕುತಿರವಟ್ಟಂ. ನಮ್ಮ ಪೆರ್ಲದಿಂದ ಕಲ್ಲಿಕೋಟೆಗೆ ಬಸ್ಸು, ರೈಲು ಹಿಡಿದು ಹೋಗುವುದೆಂದರೆ ಹಸಿಬಾಣಂತಿಗೆ ಎಷ್ಟು ಸುಲಭ ಎಂದು ಬೇರೆ ಹೇಳಬೇಕಿಲ್ಲ. ನಮಗೆ ಹತ್ತಿರ ಮಂಗಳೂರು. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರು ಎಷ್ಟು ದೂರವಾಯಿತು ಎಂಬುದನ್ನು ಗಡಿನಾಡಿನವರು ಮರೆತಿಲ್ಲ. ಡಯಾಲಿಸಿಸ್ ರೋಗಿಗಳೂ ಗರ್ಭಿಣಿಯರೂ ಗಡಿಯಲ್ಲಿ ನಿಂತದ್ದನ್ನು ಕಂಡ ಮೇಲೂ ‘ಮಂಗಳೂರು ಇದೆಯಲ್ಲ’ ಎನ್ನುವವರಿಗೆ ಏನು ಹೇಳುವುದು?

ಹಾಗಾದರೆ ಎಲ್ಲಿ ಮಾಡುವುದು? ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. 2020ರಲ್ಲಿ ಕೋವಿಡ್ ಬಂದಾಗ ಅದೇ ಕಟ್ಟಡವನ್ನು ಅವಸರದಲ್ಲಿ ಆಸ್ಪತ್ರೆ ಮಾಡಿದರು. ಅದೇ ವರ್ಷ ತೆಕ್ಕಿಲಿನಲ್ಲಿ ಟಾಟಾದವರು ಐದು ತಿಂಗಳಲ್ಲಿ ಇಡೀ ಆಸ್ಪತ್ರೆಯನ್ನೇ ಕಟ್ಟಿ ಕೊಟ್ಟರು. ಮನಸ್ಸಿದ್ದರೆ ನಮ್ಮ ಜಿಲ್ಲೆಯಲ್ಲಿಯೂ ಕೆಲಸ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಾನು ಕೇಳುವುದು ಆಸ್ಪತ್ರೆಯನ್ನಲ್ಲ. ಉಕ್ಕಿನಡ್ಕದ ಆವರಣದಲ್ಲಿ ಅಥವಾ ಅದರ ಹತ್ತಿರ ಆರೇಳು ಕೋಣೆಗಳ ಒಂದು ಮನೆ. ಪ್ರತಿ ಕೋಣೆಯಲ್ಲಿ ಮಂಚ, ತೊಟ್ಟಿಲು. ಹೊರಗೆ ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಬಿಸಿನೀರಿನ ಬಚ್ಚಲು. ವೈದ್ಯರು ಕರೆದರೆ ಬರುವಷ್ಟು ಹತ್ತಿರ ಇದ್ದರೆ ಸಾಕು, ಬಿಳಿ ಕೋಟು ದಿನವಿಡೀ ಓಡಾಡಬೇಕಿಲ್ಲ.

ತಂದೆಗೂ ಅಲ್ಲಿ ಜಾಗವಿರಲಿ. ನಮ್ಮ ಹೆರಿಗೆ ವಾರ್ಡುಗಳಲ್ಲಿ ಗಂಡಸರನ್ನು ಗೇಟಿನ ಹೊರಗೆ ನಿಲ್ಲಿಸಿ ಅಭ್ಯಾಸ. ಅವನು ಚಹಾದಂಗಡಿಯಲ್ಲಿ ಕುಳಿತು ಮೊಬೈಲ್ ನೋಡುತ್ತಾನೆ. ಆಮೇಲೆ ಮನೆಯಲ್ಲಿ ಅವನು ಮಗುವನ್ನು ಎತ್ತಿಕೊಳ್ಳುವುದಿಲ್ಲ ಎಂದು ನಾವೇ ದೂರುತ್ತೇವೆ. ನಾನು ಹೇಳಿದ ಆ ಅಡಿಕೆ ಮರ ಹತ್ತುವ ಹುಡುಗ, ಹೆಂಡತಿಗೆ ಹುಷಾರಿಲ್ಲದ ಆ ದಿನಗಳಲ್ಲಿ ರಾತ್ರಿಯಿಡೀ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ನಡೆದಾಡಿದವನು. ಅವನನ್ನು ಒಂದು ಪ್ರಶ್ನೆ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಫಾರಂನಲ್ಲಿ ತಂದೆಯ ಹೆಸರು, ಉದ್ಯೋಗ, ವರಮಾನ ಎಂಬ ಮೂರು ಗೆರೆಗಳಿದ್ದವು, ಅಷ್ಟೇ.

ಕೂಲಿಯ ಮಾತನ್ನೂ ಆಡಬೇಕು. ಬೀಡಿ ಕಟ್ಟುವವಳು, ತೋಟದ ಕೆಲಸಕ್ಕೆ ಹೋಗುವವನು ವಾರಗಟ್ಟಲೆ ಬಂದು ಇರಿ ಎಂದರೆ ಇರುತ್ತಾರೆಯೇ? ತೀವ್ರ ಅಪೌಷ್ಟಿಕತೆಯ ಮಕ್ಕಳಿಗಾಗಿ ಕೇಂದ್ರ ಸರಕಾರ 2011ರಲ್ಲಿ ಹೊರಡಿಸಿದ ಪೌಷ್ಟಿಕ ಪುನಶ್ಚೇತನ ಕೇಂದ್ರಗಳ ಮಾರ್ಗಸೂಚಿಯಲ್ಲಿ, ಮಗುವಿನ ಜೊತೆ ಉಳಿಯುವ ತಾಯಿಯ ಕೂಲಿ ನಷ್ಟಕ್ಕೆ ಹಣ ಕೊಡುವ ಏರ್ಪಾಡಿದೆ. ಅದನ್ನೇ ಇಲ್ಲಿಗೂ ಅನ್ವಯಿಸಲಿ. ಮನೆಗೆ ಹೋದ ಮೇಲೂ ಕೈಬಿಡಬಾರದು. ಕೇಂದ್ರ ಸರಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಡಲು ಅವಕಾಶವಿದೆ. ಆ ಅರ್ಜಿಯನ್ನು ಈ ತಾಯಿ–ಮಗುವಿನ ಮನೆಯಿಂದ ಹೊರಡುವ ಮೊದಲೇ ತುಂಬಿಸಿ ಕಳುಹಿಸಿದರೆ ಯಾರೂ ಕಚೇರಿಗೆ ಅಲೆಯಬೇಕಿಲ್ಲ.

ಕೂಸುಗಳ ಮಾತಾಯಿತು, ದೊಡ್ಡ ಮಕ್ಕಳದ್ದೂ ಇದೇ ಕಥೆ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಸುಪ್ರೀಂ ಕೋರ್ಟು 2011ರ ಮೇ 13ರಂದು ಅದನ್ನು ದೇಶದಲ್ಲೇ ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಹೇಳಿತು. ಯಾರು ಸಂತ್ರಸ್ತರು ಎಂದು ತೀರ್ಮಾನಿಸುವುದು ವೈದ್ಯಕೀಯ ಶಿಬಿರಗಳಲ್ಲಿ. ನಾನು ಮಕ್ಕಳನ್ನು ಕರೆದುಕೊಂಡು ಶಿಬಿರಗಳಿಗೆ ಹೋದವಳು. ಬೆಳಕು ಹರಿಯುವ ಮೊದಲು ಎಬ್ಬಿಸಿ, ಜೀಪಿನಲ್ಲಿ ಕುಲುಕಾಡಿಸಿ, ಗದ್ದಲದ ಸಭಾಂಗಣದಲ್ಲಿ ಮಧ್ಯಾಹ್ನದ ತನಕ ಕೂರಿಸಿದ ಮಗುವನ್ನು ತಜ್ಞರ ಮೇಜಿನ ಮುಂದೆ ನಿಲ್ಲಿಸಿದರೆ ಅದು ಕಿರುಚದೆ ಇನ್ನೇನು ಮಾಡೀತು? ಮನೆಯಲ್ಲಿ ಚಮಚ ಹಿಡಿದು ಗಂಜಿ ಉಣ್ಣುವ ಹುಡುಗ, ‘ಸ್ವತಃ ಊಟ ಮಾಡಲಾರ’ ಎಂದು ಬರೆಸಿಕೊಂಡು ಬಂದ. ಅವನ ಅಮ್ಮ ಅದಕ್ಕೆ ಬೇಸರಿಸಲಿಲ್ಲ, ಶೇಕಡಾವಾರು ಹೆಚ್ಚಿದರೆ ಪಿಂಚಣಿಗೆ ಅನುಕೂಲ ಎಂದಳು! ಹೊಟ್ಟೆಪಾಡು ಹಾಗಿದೆ, ಅವಳನ್ನು ಆಕ್ಷೇಪಿಸಲಾರೆ. ಆದರೆ ಅವನಿಗೆ ಮುಂದೆ ಏನು ಕಲಿಸಬೇಕು ಎಂಬುದು ಆ ಕಾಗದದಿಂದ ವಿಶೇಷ ಮಕ್ಕಳಿಗಾಗಿ ಇರುವ ಪೆರ್ಲದ ಬಡ್ಸ್ ಶಾಲೆಯ ಟೀಚರಿಗೆ ಹೇಗೆ ತಿಳಿಯಬೇಕು? ಅಮ್ಮನೂ ಮಗನೂ ಒಂದು ವಾರ ಒಂದು ಕಡೆ ಇದ್ದು, ಉಣ್ಣುವುದು, ಮೀಯುವುದು, ಮಲಗುವುದು ನೋಡಿದವರು ಬರೆದರೆ ಅದು ವರದಿ.

ನೋಡುವವರಿಗೆ ಮಗುವಿನ ಮನೆಮಾತು ಬರಬೇಕು ಎಂಬ ಒಂದು ಷರತ್ತು ಮಾತ್ರ ಕಡ್ಡಾಯವಾಗಿರಲಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಒಂದೇ ಬೀದಿಯಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮಾತನಾಡುವ ಮನೆಗಳಿವೆ. ಎಲ್ಲ ಭಾಷೆಗೂ ಒಬ್ಬೊಬ್ಬ ತಜ್ಞರನ್ನು ಕೊಡಿ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಊರಿನ ಅನುಭವಿ ಹೆಂಗಸರನ್ನು, ನನ್ನಂತೆ ನಿವೃತ್ತರಾದ ಟೀಚರುಗಳನ್ನು, ಕುಟುಂಬಶ್ರೀ ಮಹಿಳಾ ಸಂಘಗಳ ಸದಸ್ಯೆಯರನ್ನು ತರಬೇತಿ ಕೊಟ್ಟು ಸೇರಿಸಿಕೊಳ್ಳಲಿ. ನಮ್ಮಲ್ಲಿ ಅಂಥವರಿಗೆ ಬರವಿಲ್ಲ. ಪಗಾರ ಸರಿಯಾಗಿ ಕೊಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ‘ಸೇವಾ ಮನೋಭಾವ’ ಎಂಬ ಹೆಸರಿನಲ್ಲಿ ಅರ್ಧ ಸಂಬಳಕ್ಕೆ ದುಡಿಸಿಕೊಂಡದ್ದು ನಮಗೆ ಸಾಕಾಗಿದೆ.

ಈ ಎಲ್ಲವನ್ನೂ ಬರೆದು ಪಂಚಾಯತಿಗೂ ಜಿಲ್ಲಾ ಆಡಳಿತಕ್ಕೂ ಕನ್ನಡದಲ್ಲಿಯೇ ಮನವಿ ಕೊಟ್ಟಿದ್ದೇನೆ. ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಕುಂಬ್ಡಾಜೆಯ ಸದಸ್ಯರು ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇನೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲಿಯೇ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ. ಬಂದರೆ ಅದರ ಪ್ರತಿಯನ್ನು ತಮಗೆ ಕಳುಹಿಸಿಕೊಡುತ್ತೇನೆ. ಆ ಹುಡುಗಿಯ ಗುರುತು ಸಿಗಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಶಿಕ್ಷಕಿ
ಪೆರ್ಲ, ಕಾಸರಗೋಡು ಜಿಲ್ಲೆ